ದಪ್ಪ ಗೋಡೆಗೆ ಒಳಬಾಗಿಲು: ಅಗಲ ಚೌಕಟ್ಟೋ, ಮಾಮೂಲಿ ಚೌಕಟ್ಟೋ?

ಕಲಬುರಗಿಯ ಹಳೆ ಕಲ್ಲಿನ ಮನೆಗಳಲ್ಲಿ ಒಳಗೋಡೆಯೂ ಒಂದೂವರೆ ಅಡಿ ದಪ್ಪ ಇರುವುದುಂಟು. ಅಂಗಡಿಯಲ್ಲಿ ಸಿಗುವ ಮಾಮೂಲಿ ಚೌಕಟ್ಟು ನಾಲ್ಕೈದು ಇಂಚು ಅಗಲ. ಉಳಿದ ಜಾಗಕ್ಕೆ ಏನು ಮಾಡೋದು?

ಗೋಡೆಯಷ್ಟೇ ಅಗಲದ ಮರದ ಚೌಕಟ್ಟು ನೋಡಲು ಚೆಂದ, ಸರಿ. ಆದರೆ ಮರ ಜಾಸ್ತಿ, ದುಡ್ಡೂ ಜಾಸ್ತಿ. ಅಗಲವಾದ ಒಂದೇ ಹಲಗೆ 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಒಣಗಿ ಬಾಗಬಹುದು. ಹಳೆ ಗೋಡೆ ಎಲ್ಲ ಕಡೆ ಒಂದೇ ದಪ್ಪ ಇರಲ್ಲ, ಹಾಗಾಗಿ ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆಯಲೇಬೇಕು. ಹಲಗೆಯ ಬದಲು ಪ್ಲೈವುಡ್ ಹೊದಿಸಿದರೆ ಬಾಗುವುದು ಕಡಿಮೆ. ಗೋಡೆಯಲ್ಲಿ ತೇವ, ಗೆದ್ದಲು ಇದ್ದರೆ ಅದೂ ಬೇಡ.

ನನ್ನ ಓಟು ಮಾಮೂಲಿ ಚೌಕಟ್ಟಿಗೇ. ಕೂರಿಸುವ ಜಾಗ ಮಾತ್ರ ನೋಡಿಕೊಳ್ಳಿ. ಗೋಡೆಯ ನಡುವೆ ಕೂರಿಸಿದರೆ ಬಾಗಿಲು ಗೋಡೆಯ ಒಳಮೈಗೆ, ಅಂದರೆ ಬಾಗಿಲ ಕಿಂಡಿಯೊಳಗಿನ ಪಕ್ಕದ ಮೈಗೆ, ತಾಗಿ 90 ಡಿಗ್ರಿಗೇ ನಿಲ್ಲುತ್ತದೆ. ಆಮೇಲೆ ಕಪಾಟು ಸಾಗಿಸುವಾಗ ಒದ್ದಾಟ. ಬಾಗಿಲು ತೆರೆಯುವ ಕಡೆಯ ಗಿಲಾವಿಗೆ ಸಮನಾಗಿ ಕೂರಿಸಿದರೆ ಅದು ಪೂರ್ತಿ ಹಿಂದಕ್ಕೆ ಸರಿದು ಗೋಡೆಗೆ ಒರಗುತ್ತದೆ. ಉಳಿದ ಒಳಮೈಗೆ ಗಿಲಾವು ಸಾಕು. ಅದರ ಮೂಲೆ ಬೇಗ ಉದುರುತ್ತೆ ಅನ್ನೋದು ನಿಜ. ಅಂಚಿಗೆ ಶಹಾಬಾದ್ ಕಲ್ಲಿನ ಪಟ್ಟಿ ಕೊಡಿಸಿ, ಇಲ್ಲೇ ಸಿಗುವ ಕಲ್ಲು ಅಲ್ವಾ?