ಘಟ್ಟದ ಮೇಲೂ ಕೆಳಗೂ ಲ್ಯಾಪ್‌ಟಾಪ್ ವಾರಂಟಿ: ಮನೆಗೆ ಬರುವ ಸರ್ವಿಸ್ ಎಷ್ಟು ಪ್ರಯೋಜನ?

ಆನ್‌ಸೈಟ್ ವಾರಂಟಿಯಲ್ಲಿ ಮನೆಗೆ ಬರುವ ಎಂಜಿನಿಯರ್ ಬ್ಯಾಗಿನಲ್ಲಿ ಸ್ಕ್ರೂಡ್ರೈವರ್ ಸೆಟ್ಟು, ಥರ್ಮಲ್ ಪೇಸ್ಟು, ಜೊತೆಗೆ ಸಾಮಾನ್ಯವಾಗಿ ಒಂದೇ ಒಂದು ಬಿಡಿಭಾಗ ಇರುತ್ತದೆ. ಅದು ಯಾವ ಭಾಗ ಎಂಬುದು ಅವರು ಹೊರಡುವ ಮೊದಲೇ, ನೀವು ಫೋನಿನಲ್ಲಿ ಹೇಳಿದ ಲಕ್ಷಣಗಳ ಮೇಲೆ ತೀರ್ಮಾನವಾಗಿರುತ್ತದೆ. ‘ಸ್ಕ್ರೀನ್ ಬರ್ತಾ ಇಲ್ಲ’ ಎಂದಿರಿ, ಡಿಸ್‌ಪ್ಲೇ ಪ್ಯಾನೆಲ್ ತಂದರು, ಕೆಟ್ಟಿದ್ದು ಮದರ್‌ಬೋರ್ಡ್. ಆ ದಿನದ ಕೆಲಸ ಅಲ್ಲಿಗೇ ನಿಂತಿತು. ಬೋರ್ಡು ಕುರಿಯರ್‌ನಲ್ಲಿ ಬರಬೇಕು, ಎಂಜಿನಿಯರ್ ಮತ್ತೊಮ್ಮೆ ಘಟ್ಟ ಇಳಿಯಬೇಕು. ಉತ್ತರ ಕನ್ನಡದಲ್ಲಿ ಈ ಸೇವೆ ಸರಿಯಾಗಿ ಒದಗುತ್ತದೋ ಇಲ್ಲವೋ ಎಂಬುದು ಹೆಚ್ಚಾಗಿ ಇದೊಂದರ ಮೇಲೇ ನಿಂತಿದೆ.

ಪೆಟ್ಟಿಗೆಯ ಮೇಲೆ ‘ಒಂದು ವರ್ಷ ವಾರಂಟಿ’ ಎಂದಷ್ಟೇ ಇದ್ದರೆ ಯಾವ ಬಗೆಯದು ಎಂದು ಕೇಳಿ. ಕ್ಯಾರಿ-ಇನ್ ಎಂದರೆ ಯಂತ್ರವನ್ನು ನೀವೇ ಸರ್ವಿಸ್ ಸೆಂಟರ್‌ಗೆ ಒಯ್ಯಬೇಕು. ಕಾರವಾರದಿಂದ ಅಂಕೋಲಾ, ಅರಬೈಲ್ ಘಟ್ಟ, ಯಲ್ಲಾಪುರ ಹಾದು ಹುಬ್ಬಳ್ಳಿಗೆ ಹೋಗಿ ಬರುವುದಕ್ಕೆ ಒಂದು ದಿನ ಹೋಯಿತು. ರಿಪೇರಿಯಾದ ಮೇಲೆ ತರುವುದಕ್ಕೆ ಇನ್ನೊಂದು ದಿನ. ಶಿರಸಿಯವರಿಗೆ ದಾರಿ ಸ್ವಲ್ಪ ಕಡಿಮೆ, ಓಡಾಟ ಎರಡು ಸಲ ಅನ್ನುವುದು ಮಾತ್ರ ತಪ್ಪದು. ಕೊಳ್ಳುವಾಗಲೇ ಆನ್‌ಸೈಟ್‌ಗೆ ಬದಲಿಸಲು ಹೆಚ್ಚಿಗೆ ಕೊಡುವ ಹಣ ಇಲ್ಲಿನವರಿಗೆ ಖಂಡಿತ ದಂಡವಲ್ಲ. ಹಣ ಕೊಡುವ ಮೊದಲು ನಿಮ್ಮ ಪಿನ್‌ಕೋಡ್ ಹೇಳಿ, ಅಲ್ಲಿಗೆ ಎಂಜಿನಿಯರ್ ಬರುತ್ತಾರೆಯೇ ಎಂದು ಕಂಪನಿಯನ್ನೇ ಕೇಳಿ, ಉತ್ತರವನ್ನು ಚಾಟ್‌ನಲ್ಲಿ ಅಥವಾ ಇಮೇಲ್‌ನಲ್ಲಿ ಪಡೆಯಿರಿ. ಕಾರವಾರದ 581301 ಅಥವಾ ಶಿರಸಿಯ 581401ಕ್ಕೆ ‘ಹೌದು’ ಎಂದವರು ಒಳಗಿನ ಹಳ್ಳಿಯ ಪಿನ್‌ಕೋಡಿಗೂ ಹೌದು ಎನ್ನುತ್ತಾರೆ ಎಂದು ನಂಬಬೇಡಿ. ‘ಮರುದಿನ ಸೇವೆ’ ಎಂಬ ಮಾತನ್ನೂ ಅಕ್ಷರಶಃ ಹಿಡಿಯಬೇಡಿ. ದೋಷ ಗುರುತಿಸಿ, ಬಿಡಿಭಾಗ ಊರು ತಲುಪಿದ ಮೇಲಿನ ಲೆಕ್ಕ ಅದು.

ಕಂಪನಿಗೆ ಫೋನ್ ಮಾಡುವ ಮೊದಲು ಮನೆಯಲ್ಲೇ ಮಾಡಬೇಕಾದ ಪರೀಕ್ಷೆಗಳಿಗೆ ಅರ್ಧ ಗಂಟೆ ಸಾಕು, ಮುಚ್ಚಳ ಬಿಚ್ಚುವ ಅಗತ್ಯವಿಲ್ಲ. ಲ್ಯಾಪ್‌ಟಾಪ್ ಪೂರ್ತಿ ಸತ್ತಂತಿದ್ದರೆ ಅಡಾಪ್ಟರ್, ಮೌಸ್, ಪೆನ್‌ಡ್ರೈವ್ ಎಲ್ಲವನ್ನೂ ಕಿತ್ತು, ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡಿಯಿರಿ. ಬೋರ್ಡಿನಲ್ಲಿ ಉಳಿದ ಚಾರ್ಜ್ ಇಳಿದು ಎಷ್ಟೋ ಯಂತ್ರಗಳು ಇಷ್ಟಕ್ಕೇ ಏಳುತ್ತವೆ. ಏಸರ್‌ನ ಹಲವು ಮಾದರಿಗಳಲ್ಲಿ ತಳಭಾಗದಲ್ಲಿ ಸೂಜಿಮೊನೆಯಷ್ಟು ಒಂದು ತೂತು ಇರುತ್ತದೆ, ಅದರೊಳಗೆ ಬ್ಯಾಟರಿ ರೀಸೆಟ್ ಬಟನ್ ಇದೆ. ಪೇಪರ್ ಕ್ಲಿಪ್ ನೆಟ್ಟಗೆ ಮಾಡಿ ಮೆಲ್ಲಗೆ ಒತ್ತಿದರಾಯಿತು. ಮುಂದಿನದು ಅಡಾಪ್ಟರ್. ಡೆಲ್‌ನ ದುಂಡು ಪಿನ್ನಿನ ನಡುವೆ ತೆಳ್ಳನೆಯ ಸೂಜಿಯೊಂದಿದೆ, ಅಡಾಪ್ಟರ್ ಎಷ್ಟು ವ್ಯಾಟಿನದು ಎಂಬ ಮಾಹಿತಿ ಲ್ಯಾಪ್‌ಟಾಪ್‌ಗೆ ಹೋಗುವುದು ಅದರ ಮೂಲಕ. ಆ ಸೂಜಿ ಬಾಗಿದರೆ ಅಥವಾ ಒಳತಂತಿ ತುಂಡಾದರೆ ಲ್ಯಾಪ್‌ಟಾಪ್ ಕರೆಂಟಿನಲ್ಲಿ ನಡೆಯುತ್ತದೆ, ಬ್ಯಾಟರಿ ಮಾತ್ರ ತುಂಬುವುದಿಲ್ಲ, ಪ್ರೊಸೆಸರ್ ವೇಗವೂ ತಗ್ಗುತ್ತದೆ. ಬ್ಯಾಟರಿಯನ್ನೂ ಬೋರ್ಡನ್ನೂ ದೂರುವ ಮುಂಚೆ ಅದೇ ವ್ಯಾಟಿನ ಬೇರೆ ಅಸಲಿ ಅಡಾಪ್ಟರ್ ಹಾಕಿ ನೋಡಿ.

ಸ್ಕ್ರೀನ್ ಸಮಸ್ಯೆಗೆ ಎರಡು ಪರೀಕ್ಷೆ. ಎಚ್‌ಡಿಎಂಐ ತಂತಿಯಿಂದ ಟಿವಿಗೆ ಜೋಡಿಸಿ. ಟಿವಿಯಲ್ಲಿ ಚಿತ್ರ ಶುದ್ಧವಾಗಿದ್ದು ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಗೆರೆ ಇದ್ದರೆ ಪ್ಯಾನೆಲ್ ಅಥವಾ ಅದರ ಕೇಬಲ್. ಟಿವಿಯಲ್ಲೂ ಅದೇ ಗೆರೆ ಬಂದರೆ ಗ್ರಾಫಿಕ್ಸ್, ಅಂದರೆ ಬಹುತೇಕ ಮದರ್‌ಬೋರ್ಡ್. ಆಮೇಲೆ ಸ್ಕ್ರೀನನ್ನು ಪೂರ್ತಿ ಹಿಂದಕ್ಕೆ ಬಾಗಿಸಿ ನಿಧಾನ ಮುಂದಕ್ಕೆ ತನ್ನಿ. ಯಾವುದೋ ಒಂದು ಕೋನದಲ್ಲಿ ಮಿನುಗುವಿಕೆ ನಿಂತು ಇನ್ನೊಂದರಲ್ಲಿ ಶುರುವಾದರೆ ಕೀಲಿನ ಬಳಿ ಹಾಯುವ ಕೇಬಲ್ ಸವೆದಿದೆ. ‘ಕೋನ ಬದಲಾದರೆ ಮಿನುಗುತ್ತದೆ, ಹೊರ ಮಾನಿಟರ್‌ನಲ್ಲಿ ಸರಿ ಇದೆ’ ಎಂದು ಇದೇ ಮಾತಿನಲ್ಲಿ ಹೇಳಿದರೆ ಪ್ಯಾನೆಲ್ ಜೊತೆ ಕೇಬಲ್ಲನ್ನೂ ಕಳಿಸುತ್ತಾರೆ. ಡೆಲ್‌ನಲ್ಲಿ ‘ಡಿ’ ಕೀ ಒತ್ತಿಹಿಡಿದು ಪವರ್ ಬಟನ್ ಒತ್ತಿದರೆ ಬರಿಯ ಬಣ್ಣಗಳು ಒಂದಾದ ಮೇಲೊಂದು ಬರುತ್ತವೆ. ಅಲ್ಲೂ ಗೆರೆ ಕಂಡರೆ ವಿಂಡೋಸ್‌ನದ್ದೋ ಡ್ರೈವರ್‌ನದ್ದೋ ದೋಷ ಅಲ್ಲವೆಂದು ಖಾತ್ರಿ.

ಇನ್ನು ಕಂಪನಿಯವರೇ ಯಂತ್ರದೊಳಗೆ ಇಟ್ಟ ಪರೀಕ್ಷೆ. ಡೆಲ್‌ಗೆ ಆನ್ ಆಗುವಾಗ ಎಫ್12 ಒತ್ತಿ ಡಯಾಗ್ನಾಸ್ಟಿಕ್ಸ್ ಆರಿಸಿ. ಎಚ್‌ಪಿಗೆ ಎಸ್ಕೇಪ್, ಆಮೇಲೆ ಎಫ್2. ಲೆನೊವೊದ ಹೊಸ ಮಾದರಿಗಳಲ್ಲಿ ಎಫ್10. ದೋಷ ಸಿಕ್ಕರೆ ಒಂದು ಕೋಡ್ ಬರುತ್ತದೆ. ಅದನ್ನು ಕೈಯಲ್ಲಿ ಬರೆದುಕೊಳ್ಳಲು ಹೋಗಬೇಡಿ, ಎಚ್‌ಪಿಯ ಫೇಲ್ಯೂರ್ ಐಡಿ 24 ಅಕ್ಷರ ಇರುತ್ತದೆ, ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಯಂತ್ರ ಪರೀಕ್ಷೆಯವರೆಗೂ ಹೋಗದಿದ್ದರೆ ದೀಪದ ಮಿಣುಕು ಎಣಿಸಿ. ಡೆಲ್‌ನಲ್ಲಿ 2 ಸಲ ಹಳದಿ, 3 ಸಲ ಬಿಳಿ ಮಿನುಗಿದರೆ ರ‍್ಯಾಮ್ ಪತ್ತೆಯಾಗಿಲ್ಲ ಎಂದರ್ಥ. ರ‍್ಯಾಮ್ ಬೋರ್ಡಿಗೇ ಬೆಸೆದಿರುವ ತೆಳು ಮಾದರಿಯಾದರೆ ಇದಕ್ಕೂ ಬರಬೇಕಾದದ್ದು ಬೋರ್ಡೇ. ಫೋನಿನಲ್ಲಿ ಕೋಡ್ ಹೇಳಿದವರಿಗೆ ‘ವಿಂಡೋಸ್ ಮತ್ತೆ ಹಾಕಿ ನೋಡಿ’ ಎಂಬ ಸುತ್ತು ತಪ್ಪುತ್ತದೆ. ಆಗೊಮ್ಮೆ ಈಗೊಮ್ಮೆ ಬರುವ ದೋಷವಾದರೆ ಸೀರಿಯಲ್ ನಂಬರ್ ಕಾಣುವಂತೆ ಆರಂಭಿಸಿ ಒಂದೇ ಓಟದಲ್ಲಿ ವಿಡಿಯೋ ಮಾಡಿಡಿ. ಎಂಜಿನಿಯರ್ ಎದುರು ಯಂತ್ರ ಸುಮ್ಮನೆ ಸರಿಯಾಗಿ ನಡೆದುಬಿಟ್ಟರೆ ‘ದೋಷ ಕಂಡುಬಂದಿಲ್ಲ’ ಎಂದು ಕೇಸ್ ಮುಚ್ಚಿಹೋಗುತ್ತದೆ.

ಲ್ಯಾಪ್‌ಟಾಪ್‌ನದ್ದಲ್ಲದ ಒಂದು ದೋಷವನ್ನು ಇಲ್ಲಿ ಬಿಡಿಸಿ ಹೇಳಬೇಕು. ಚಾರ್ಜಿಗೆ ಹಾಕಿದಾಗ ಟಚ್‌ಪ್ಯಾಡ್‌ನಲ್ಲಿ ಬಾಣ ತಾನಾಗಿ ಜಿಗಿಯುತ್ತದೆ, ಲೋಹದ ಮೈ ಮುಟ್ಟಿದರೆ ಜುಮ್ಮೆನ್ನುತ್ತದೆ. ಅಡಾಪ್ಟರ್ ಕಿತ್ತರೆ ಎರಡೂ ಮಾಯ. ಇದಕ್ಕೆ ಕಾರಣ ಮನೆಯ ಅರ್ಥಿಂಗ್. ಜಂಬಿಟ್ಟಿಗೆ ನೆಲದಲ್ಲಿ ಅರ್ಥಿಂಗ್ ಗುಂಡಿ ಏಪ್ರಿಲ್-ಮೇ ಹೊತ್ತಿಗೆ ಒಣಗಿ ಭೂಮಿಗೆ ಸಂಪರ್ಕ ಕ್ಷೀಣಿಸುತ್ತದೆ. ಹಳೆಯ ಮನೆಗಳಲ್ಲಂತೂ ಸಾಕೆಟ್ಟಿನ ಮೂರನೆಯ ತೂತಿಗೆ ತಂತಿಯೇ ಎಳೆದಿರುವುದಿಲ್ಲ. ಮೂರು ಪಿನ್ನಿನ ಅಡಾಪ್ಟರಿಗೆ ಎರಡು ಪಿನ್ನಿನ ಕನ್ವರ್ಟರ್ ಹಾಕಿದರೂ ಇದೇ ಫಲ. ಸ್ಕ್ವೇರ್ ವೇವ್ ಇನ್ವರ್ಟರ್‌ನಲ್ಲೂ ಬಾಣ ಜಿಗಿಯಬಹುದು, ಅಡಾಪ್ಟರ್ ಗುಂಯ್‌ಗುಡಬಹುದು. ಈ ದೂರಿಗೆ ಟಚ್‌ಪ್ಯಾಡ್ ಬದಲಿಸಿಕೊಂಡವರಿಗೆ ಹೊಸ ಟಚ್‌ಪ್ಯಾಡ್‌ನಲ್ಲೂ ಅದೇ ಕಾಟ. ಗುಂಡಿಗೆ ನೀರು ಹಾಕಿಸಿ, ವೈರ್‌ಮನ್ ಕರೆಸಿ ಅರ್ಥಿಂಗ್ ಅಳೆಸಿ.

ಕರಾವಳಿಯಲ್ಲಿ ವಾರಂಟಿ ಜಗಳ ಹುಟ್ಟುವುದು ಹೆಚ್ಚಾಗಿ ತೇವದಿಂದ. ಎಂಜಿನಿಯರ್ ತಳದ ಮುಚ್ಚಳ ತೆಗೆದೊಡನೆ ನೋಡುವುದು ಕೀಬೋರ್ಡ್ ಕೆಳಗೆ, ಬೋರ್ಡಿನ ಮೇಲೆ ಅಂಟಿಸಿರುವ ಉಗುರಿಗಿಂತ ಚಿಕ್ಕ ಬಿಳಿ ಸ್ಟಿಕ್ಕರ್‌ಗಳನ್ನು. ನೀರು ತಾಗಿದರೆ ಅವು ಕೆಂಪಾಗುತ್ತವೆ. ಆಮೇಲೆ ಟಾರ್ಚ್ ಹಿಡಿದು ಯುಎಸ್‌ಬಿ ಪೋರ್ಟಿನ ಒಳಗೆ, ಚಾರ್ಜಿಂಗ್ ಜ್ಯಾಕಿನ ಬುಡದಲ್ಲಿ ಹಸಿರು ಪುಡಿ ಕಟ್ಟಿದೆಯೇ ನೋಡುತ್ತಾರೆ. ಆ ಹಸಿರು ಪುಡಿ ಎಂದರೆ ತಾಮ್ರದ ತುಕ್ಕು. ಒಂದು ಫೋಟೋ ಹೋಯಿತೆಂದರೆ ‘ಬಳಕೆದಾರರಿಂದ ಆದ ಹಾನಿ’ ಎಂಬ ಷರಾ ಬೀಳುತ್ತದೆ, ಬೋರ್ಡಿನ ಪೂರ್ತಿ ಬೆಲೆ ನಿಮ್ಮ ತಲೆಗೆ. ಕಡಲಿನಿಂದ ಬೀಸುವ ಉಪ್ಪುಗಾಳಿಗೂ ಚೆಲ್ಲಿದ ಚಹಾಕ್ಕೂ ಫೋಟೋದಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಸ್ಟಿಕ್ಕರ್ ಬಿಳಿಯಾಗಿಯೇ ಇದ್ದು ಪೋರ್ಟ್ ಮಾತ್ರ ತುಕ್ಕಾಗಿದ್ದರೆ, ಆ ಸ್ಟಿಕ್ಕರಿನ ಫೋಟೋ ನೀವೂ ತೆಗೆದು ಕೇಸಿಗೆ ಸೇರಿಸಿ. ದ್ರವ ಚೆಲ್ಲಿಲ್ಲ ಎನ್ನಲು ನಿಮ್ಮ ಹತ್ತಿರ ಇರುವ ಗಟ್ಟಿ ಆಧಾರ ಅದೊಂದೇ. ಮಳೆಗಾಲದಲ್ಲಿ ಲ್ಯಾಪ್‌ಟಾಪನ್ನು ವಾರಗಟ್ಟಲೆ ಬ್ಯಾಗಿನಲ್ಲಿ ಮುಚ್ಚಿಡಬೇಡಿ. ದಿನಕ್ಕೆ ಒಂದೆರಡು ಗಂಟೆ ಓಡಿದರೆ ಅದರ ಬಿಸಿಗೇ ಒಳಗಿನ ತೇವ ಆರುತ್ತದೆ. ಎಸಿ ಕೋಣೆಯಿಂದ ಹೊರಗೆ ತಂದಾಗ ತಣ್ಣನೆಯ ಮೈ ಮೇಲೆ ನೀರಹನಿ ಕೂರುತ್ತದೆ, ಅದು ಆರುವವರೆಗೆ ಆನ್ ಮಾಡಬೇಡಿ. ಸಣ್ಣ ಇರುವೆ ಗೂಡು ಕಟ್ಟಿದರೆ, ಫ್ಯಾನಿನಲ್ಲಿ ಅಡಿಕೆ ಸಿಪ್ಪೆಯ ನಾರು-ಧೂಳು ತುಂಬಿದರೆ, ಸಿಡಿಲಿಗೆ ಸುಟ್ಟರೆ ವಾರಂಟಿ ಇಲ್ಲ. ಗುಡುಗಿದಾಗ ಅಡಾಪ್ಟರ್ ಜೊತೆ ಇಂಟರ್ನೆಟ್ಟಿನ ಲ್ಯಾನ್ ಕೇಬಲ್ಲನ್ನೂ ಕೀಳಬೇಕು. ಆ ತಂತಿಯಲ್ಲೂ ಸಿಡಿಲು ಬರುತ್ತದೆ ಎಂಬುದು ಬಹಳ ಜನರಿಗೆ ಹೊಳೆಯುವುದಿಲ್ಲ.

ಬ್ಯಾಟರಿ ಉಬ್ಬಿ ಟಚ್‌ಪ್ಯಾಡ್ ಮೇಲೆದ್ದಿದ್ದರೆ ಇವು ಯಾವುದೂ ಬೇಡ. ಚಾರ್ಜ್ ಮಾಡುವುದು ನಿಲ್ಲಿಸಿ, ಒತ್ತಬೇಡಿ, ಚುಚ್ಚಬೇಡಿ, ನೀವಾಗಿ ಕುರಿಯರ್‌ಗೂ ಹಾಕಬೇಡಿ. ಕಂಪನಿಗೆ ‘ಬ್ಯಾಟರಿ ಉಬ್ಬಿದೆ’ ಎಂಬ ಮಾತಿನಿಂದಲೇ ಶುರು ಮಾಡಿ. ಉಬ್ಬದೆ ಬೇಗ ಇಳಿಯುವ ಬ್ಯಾಟರಿಗೆ ವಿಂಡೋಸ್‌ನ ಬ್ಯಾಟರಿ ರಿಪೋರ್ಟ್ ತೆಗೆದು, ತಯಾರಿಕೆಯಲ್ಲಿದ್ದ ಸಾಮರ್ಥ್ಯ ಮತ್ತು ಈಗ ತುಂಬುವ ಸಾಮರ್ಥ್ಯ ಎರಡನ್ನೂ ಕಳಿಸಿ. ಲ್ಯಾಪ್‌ಟಾಪ್‌ಗೆ 3 ವರ್ಷ ಇದ್ದರೂ ಬ್ಯಾಟರಿಗೆ ಸಾಮಾನ್ಯವಾಗಿ 1 ವರ್ಷವೇ. ಕೊಂಡ 11ನೇ ತಿಂಗಳಲ್ಲಿ ಈ ರಿಪೋರ್ಟ್ ಒಮ್ಮೆ ತೆಗೆದು ನೋಡುವುದು ಒಳ್ಳೆಯದು.

ಬೋರ್ಡ್ ಬದಲಾಗುವುದೆಂದು ಗೊತ್ತಾದ ದಿನವೇ ಬಿಟ್‌ಲಾಕರ್‌ನ, ಅಂದರೆ ವಿಂಡೋಸ್‌ನ ಡಿಸ್ಕ್ ಬೀಗದ, 48 ಅಂಕಿಯ ರಿಕವರಿ ಕೀ ತೆಗೆದಿಡಿ. ವಿಂಡೋಸ್ 11ರ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ತಾನಾಗಿಯೇ ಬೀಗ ಹಾಕಿಕೊಂಡಿರುತ್ತದೆ, ಆ ಬೀಗದ ಗುರುತು ಹಳೆಯ ಬೋರ್ಡಿನ ಚಿಪ್ಪಿನಲ್ಲಿರುತ್ತದೆ. ಹೊಸ ಬೋರ್ಡ್ ಕೂತ ಮೇಲೆ ಯಂತ್ರ ಕೀ ಕೇಳುತ್ತದೆ, ಎಂಜಿನಿಯರ್ ಹತ್ತಿರ ಅದು ಇರುವುದಿಲ್ಲ. ಮೈಕ್ರೋಸಾಫ್ಟ್ ಖಾತೆಗೆ ಬೇರೆ ಫೋನಿನಿಂದ ಲಾಗಿನ್ ಆಗಿ ನೋಡಿದರೆ ಸಾಮಾನ್ಯವಾಗಿ ಸಿಗುತ್ತದೆ. ಡಿಸ್ಕೇ ಬದಲಾದರೆ ಹಳೆಯದನ್ನು ಅವರು ಒಯ್ಯುತ್ತಾರೆ. ಅದರೊಳಗಿನ ಫೋಟೋ, ಲೆಕ್ಕಪತ್ರಕ್ಕೆ ಯಾವ ವಾರಂಟಿಯೂ ಹೊಣೆಯಲ್ಲ.

ಬಿದ್ದು ಒಡೆದದ್ದಕ್ಕೂ ನೀರು ಚೆಲ್ಲಿದ್ದಕ್ಕೂ ಆಗುವ ಆಕಸ್ಮಿಕ ಹಾನಿ ಪ್ಲ್ಯಾನ್ ಬಸ್ಸಿನಲ್ಲಿ ಓಡಾಡುವ ಕಾಲೇಜು ಮಕ್ಕಳಿಗೆ ತಕ್ಕದ್ದು. ಮೇಜು ಬಿಟ್ಟು ಕದಲದ ಯಂತ್ರಕ್ಕೆ ಆ ಹಣವನ್ನು ಆನ್‌ಸೈಟ್‌ನ ಎರಡನೇ ವರ್ಷಕ್ಕೆ ಹಾಕಿ. ಜಿಎಸ್‌ಟಿ ಬಿಲ್ಲನ್ನು ಕೊಂಡ ದಿನವೇ ಸ್ಕ್ಯಾನ್ ಮಾಡಿಡಿ. ಕಂಪನಿಯ ಜಾಲತಾಣದಲ್ಲಿ ವಾರಂಟಿ ಆರಂಭದ ದಿನ ಬಿಲ್ಲಿಗಿಂತ ಹಿಂದಿನದಾಗಿದ್ದರೆ ತಿದ್ದಿಸಲು ಅದೇ ಆಧಾರ. ನ್ಯಾಯವಾದ ದೂರಿಗೂ ಕಂಪನಿ ಓಗೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಹೇಳಿ. ಅಲ್ಲೂ ಬಗೆಹರಿಯದಿದ್ದರೆ ಕಾರವಾರದ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಕಂಪನಿಯ ಕಚೇರಿ ಎಲ್ಲಿದ್ದರೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ, ಕಾಲಮಿತಿ 2 ವರ್ಷ. ಅಲ್ಲಿ ಕೆಲಸಕ್ಕೆ ಬರುವುದು ಕೇಸ್ ನಂಬರ್, ಚಾಟ್‌ನ ಪ್ರತಿ, ಎಂಜಿನಿಯರ್ ಮಾಡಿದ ಕೆಲಸ ಬರೆದು ಸಹಿ ಪಡೆಯುವ ಜಾಬ್‌ಶೀಟ್.

ಜಾಬ್‌ಶೀಟಿಗೆ ಸಹಿ ಹಾಕುವ ಮುಂಚೆ ಅರ್ಧ ಗಂಟೆ ಯಂತ್ರ ಓಡಿಸಿ. ಪ್ರತಿ ಯುಎಸ್‌ಬಿ ಪೋರ್ಟ್, ಕ್ಯಾಮೆರಾ, ಮೈಕ್, ಎರಡೂ ಸ್ಪೀಕರ್, ಪ್ರತಿಯೊಂದು ಕೀ ಒತ್ತಿ ನೋಡಿ. ಬಯಾಸ್‌ನಲ್ಲಿ, ಅಂದರೆ ಆನ್ ಆಗುವಾಗ ತೆರೆಯುವ ಬೋರ್ಡಿನ ಸೆಟ್ಟಿಂಗ್ ಪುಟದಲ್ಲಿ, ಇರುವ ಸೀರಿಯಲ್ ನಂಬರ್ ತಳದ ಸ್ಟಿಕ್ಕರ್‌ಗೆ ಹೊಂದುತ್ತದೆಯೇ ನೋಡಿ, ಹೊಸ ಬೋರ್ಡಿಗೆ ಅದನ್ನು ತುಂಬಲು ಮರೆತರೆ ಮುಂದಿನ ದೂರಿಗೆ ವಾರಂಟಿಯೇ ಕಾಣುವುದಿಲ್ಲ. ಕೊನೆಗೆ ರೂಟರ್‌ನಿಂದ ಎರಡು ಕೋಣೆ ಆಚೆ ಹೋಗಿ ವೈಫೈ ನೋಡಿ. ವೈಫೈ ಕಾರ್ಡಿಗೆ ಕಪ್ಪು, ಬಿಳಿ ಎರಡು ಸಣ್ಣ ತಂತಿಗಳು ಸಿಕ್ಕಿಸುತ್ತವೆ, ಅವುಗಳ ತುದಿ ಸಾಸಿವೆಗಿಂತ ತುಸು ದೊಡ್ಡದು. ಬೋರ್ಡ್ ಬದಲಿಸುವಾಗ ಒಂದು ಸರಿಯಾಗಿ ಕೂರದಿದ್ದರೂ ರೂಟರ್ ಪಕ್ಕದಲ್ಲಿ ವೈಫೈ ಬರುತ್ತದೆ, ಜಗಲಿಗೆ ಬಂದರೆ ಹೋಗುತ್ತದೆ. ಎಂಜಿನಿಯರ್ ಇನ್ನೂ ಮನೆಯಲ್ಲಿದ್ದರೆ ಮುಚ್ಚಳ ತೆಗೆದು ಟಕ್ಕೆನ್ನುವಂತೆ ಒತ್ತಿದರೆ ಸಾಕು. ಅವರ ಬೈಕು ದೇವಿಮನೆ ಘಟ್ಟ ದಾಟಿದ ಮೇಲೆ ಗೊತ್ತಾದರೆ ಅಷ್ಟಕ್ಕೇ ಇನ್ನೊಂದು ಕೇಸ್ ನಂಬರ್ ಬೇಕಾಗುತ್ತದೆ.