ಸ್ಪೀಡ್ ರೀಡಿಂಗ್ ಆ್ಯಪ್: ವರ್ಷದ ಮೇಲೆ ಬಳಸಿ ಬರೀತಿರೋ ರಿವ್ಯೂ

ಹೆಸರು ಹಾಕಲ್ಲ, ಈ ತರದ್ದು ಪ್ಲೇಸ್ಟೋರ್ ತುಂಬಾ ಇದಾವೆ, ಎಲ್ಲದರದ್ದೂ ಹೆಚ್ಚೂಕಮ್ಮಿ ಒಂದೇ ಕತೆ. ಸ್ಕ್ರೀನ್ ಮಧ್ಯ ಒಂದೊಂದೇ ಪದ ಪಟಪಟ ಅಂತ ಬಂದು ಹೋಗುತ್ತೆ, ಕಣ್ಣು ಆಡಿಸೋ ಹಾಗೇ ಇಲ್ಲ, 2014ರಲ್ಲಿ ಸ್ಪ್ರಿಟ್ಜ್ ಅಂತ ಒಂದು ಟೆಕ್ನಾಲಜಿ ಬಂದು ಸದ್ದು ಮಾಡಿತ್ತಲ್ಲ ಅದೇ ಐಡಿಯಾ. ವರ್ಷದ ಸಬ್‌ಸ್ಕ್ರಿಪ್ಶನ್ ಮುಗಿದು ರಿನ್ಯೂನೂ ಆಗಿದೆ, ಎರಡು ದಿನ ನೋಡಿ ಗೀಚಿದ್ದಲ್ಲ ಇದು.

ಆಫೀಸಿನ ಇಂಗ್ಲಿಷ್ ರಿಪೋರ್ಟು, ಉದ್ದುದ್ದ ಮೇಲು, ಇಂಥವಕ್ಕೆ ಸೂಪರ್. ನಿಮಿಷಕ್ಕೆ 350 ಪದ ಇಟ್ರೂ ವಿಷಯ ತಲೆಗೆ ಹೋಗುತ್ತೆ. (ಇಂಗ್ಲಿಷನ್ನ ಮನಸಲ್ಲೇ ಓದೋ ಸರಾಸರಿ 240ರ ಆಸುಪಾಸು, ಮಾರ್ಕ್ ಬ್ರೈಸ್‌ಬರ್ಟ್ ಅನ್ನೋ ಮನೋವಿಜ್ಞಾನಿ 2019ರಲ್ಲಿ ಹಳೇ ಸ್ಟಡಿಗಳನ್ನೆಲ್ಲಾ ಗುಡ್ಡೆ ಹಾಕಿ ತೆಗೆದ ಲೆಕ್ಕ.) ಜಾಹೀರಾತಲ್ಲಿ 1000 ಅಂತ ಬಿಡ್ತಾರಲ್ಲ, ಅಷ್ಟಕ್ಕಿಟ್ರೆ ಪದ ಕಣ್ಣಿಗೆ ಬೀಳುತ್ತೆ, ಅರ್ಥ ದೇವರಿಗೇ ಗೊತ್ತು.

ಕನ್ನಡ ಕಾದಂಬರಿ ಹಾಕಿದ್ರೆ ಶುರು ಆಗುತ್ತೆ ನೋಡಿ ತಮಾಷೆ. 'ಆ' ಅನ್ನೋದಕ್ಕೂ 'ಹೇಳಬೇಕಾಗಿತ್ತಂತೆ' ಅನ್ನೋದಕ್ಕೂ ಅದು ಕೊಡೋದು ಒಂದೇ ಟೈಮು, ಮೇಲಿಂದ ಫಾಂಟ್ ದೊಡ್ಡದು ಮಾಡಿದ್ರೆ ಒತ್ತಕ್ಷರದ ಕಾಲು ಕಟ್. ಸಪೋರ್ಟಿಗೆ ಸ್ಕ್ರೀನ್‌ಶಾಟ್ ಸಮೇತ ಬರೆದೆ, ಆ್ಯಪ್ ಅಪ್‌ಡೇಟ್ ಮಾಡ್ಕೊಳ್ಳಿ ಅಂದ್ರು, ಮಾಡ್ಕೊಂಡೆ, ಕಾಲು ಇನ್ನೂ ಬಂದಿಲ್ಲ.

ಅದು ಬಿಡಿ, ನಂಗೆ ನಿಜವಾಗ್ಲೂ ತಕರಾರಿರೋದು ಅದರ ಪಾಠಗಳ ಬಗ್ಗೆ. ಹಿಂದೆ ತಿರುಗಿ ಓದೋದು ಕೆಟ್ಟ ಅಭ್ಯಾಸ, ಒಳಗೊಳಗೇ ಉಚ್ಚಾರ ಮಾಡೋದು ಬಿಡಿ ಅಂತ ದಿನಾ ನೋಟಿಫಿಕೇಶನ್. ಅಲ್ಲಾ ಸ್ವಾಮಿ, ಚೆನ್ನಾಗಿ ಓದೋರ ಕಣ್ಣೂ ನೂರು ಸಲ ಜಿಗಿದ್ರೆ ಅದರಲ್ಲಿ ಹತ್ತು-ಹದಿನೈದು ಸಲ ಹಿಂದಕ್ಕೆ ಹೋಗುತ್ತೆ. ಓದುವಾಗ ಕಣ್ಣು ಹೆಂಗೆ ಓಡುತ್ತೆ ಅಂತ ಸ್ಟಡಿ ಮಾಡಿದ ಕೀತ್ ರೇನರ್ ಮತ್ತೆ ಜೊತೆಯವರ 2016ರ ಲೇಖನದಲ್ಲಿ ಇನ್ನೊಂದೂ ಇದೆ, ಸ್ಪೀಡು ಏರಿಸಿದಷ್ಟೂ ಅರ್ಥ ಆಗೋದು ಇಳಿಯುತ್ತೆ ಅಂತ. ಇನ್ನು ಧಾರವಾಡದ ಕಡೆ ಕತೆಯಲ್ಲಿ ಅಜ್ಜಿ 'ಎಲ್ಲಿಗ್ ಹೊಂಟೀಯೋ ಯಪ್ಪಾ, ಉಂಡ್ ಹೋಗಲ್ಲಾ' ಅಂದ್ರೆ ಆ ಎಳೆತ ಕಿವೀಲಿ ಕೇಳ್ಬೇಕು, ಇಲ್ಲಾಂದ್ರೆ ಊಟಕ್ಕೆ ಕರೆದ್ಲು ಅನ್ನೋ ಮಾಹಿತಿ ಅಷ್ಟೇ ಉಳಿಯೋದು.

ಹಂಗಾಗಿ ಕಾದಂಬರಿಗೆ ಈಗ ಗೈಡ್ ಮೋಡ್ ಮಾತ್ರ. ಪುಟ ಪೂರ್ತಿ ಕಾಣುತ್ತೆ, ಸಾಲಿನ ಕೆಳಗೆ ಒಂದು ಗೆರೆ ಓಡುತ್ತೆ, ಮಾತುಕತೆ ಬಂದ ಕೂಡ್ಲೇ ಪಾಜ್ ಒತ್ತಿ ನಿಧಾನಕ್ಕೆ ಓದ್ಕೋತೀನಿ. ಕನ್ನಡದಲ್ಲೂ ಮೊದಲಿಗಿಂತ ಬೇಗ ಓದ್ತೀನಿ ಅನ್ನೋದು ನಿಜ, ಆದ್ರೆ ಆ ಕ್ರೆಡಿಟ್ಟು ಆ್ಯಪಿಗೆ ಕೊಡಲ್ಲ, ಒಬ್ಬರೇ ಲೇಖಕರ ಪುಸ್ತಕಗಳನ್ನ ಸಾಲಾಗಿ ಓದಿದ್ದಕ್ಕೆ ಅದು, ಮೂರನೇದಕ್ಕೆ ಬರೋ ಹೊತ್ತಿಗೆ ಅವರ ವಾಕ್ಯ ಎಲ್ಲಿ ತಿರುಗುತ್ತೆ ಅಂತ ಮೊದಲೇ ಗೊತ್ತಾಗ್ತಿರುತ್ತೆ.

ಮೂರು ಸ್ಟಾರ್. ಇಂಗ್ಲಿಷ್ ಫೈಲು ಜಾಸ್ತಿ ಇರೋರು ತಿಂಗಳ ಪ್ಲ್ಯಾನ್ ತಗೊಂಡು ನೋಡಿ, ಆಟೋ ರಿನ್ಯೂ ಅವತ್ತೇ ಆಫ್ ಮಾಡಿ, ಆ ಬಟನ್ನು ಸೆಟ್ಟಿಂಗ್ಸಲ್ಲಿ ಎಲ್ಲೋ ಮೂಲೇಲಿ ಬಚ್ಚಿಟ್ಟಿದಾರೆ.