ಹೊಳೆನರಸೀಪುರ ರಸ್ತೆಯ ರಾಜಮುಡಿ ಅಕ್ಕಿ ಅಂಗಡಿ

ಹಾಸನದಿಂದ ಹೊಳೆನರಸೀಪುರಕ್ಕೆ ಹೋಗುವ ದಾರಿಯಲ್ಲಿ ಒಂದು ಹಳ್ಳಿಯ ರೈತರೇ ಸೇರಿ ನಡೆಸುವ ಅಕ್ಕಿ ಅಂಗಡಿ ಇದೆ. ಬೋರ್ಡ್ ಇಲ್ಲ. ಅರಳಿಕಟ್ಟೆ ಎದುರಿನ ಹೆಂಚಿನ ಮನೆ. ಸಂಕ್ರಾಂತಿ ಆದ ವಾರಕ್ಕೆ ಅಲ್ಲಿಂದ 10 ಕೆಜಿ ರಾಜಮುಡಿ ತಂದಿದ್ದೆ, ಕೆಜಿಗೆ 85 ರೂಪಾಯಿ. ಈಗ ಚೀಲದ ತಳ ಕಾಣುತ್ತಿದೆ.

ಕೆಂಪು ಕಾಳು, ಬಿಳಿ ಕಾಳು ಬೆರೆತ ಅಕ್ಕಿ. ಪಾಲಿಶ್ ಜಾಸ್ತಿ ಮಾಡಿಲ್ಲ. ಅರ್ಧ ಗಂಟೆ ನೆನೆಸಿ, ಒಂದಕ್ಕೆ ಮೂರು ನೀರು ಇಟ್ಟರೆ ಮೆತ್ತಗೆ ಬೇಯುತ್ತದೆ. ಹುರುಳಿಕಾಳಿನ ಬಸ್ಸಾರಿಗೆ ಇದಕ್ಕಿಂತ ಒಳ್ಳೆಯ ಅನ್ನ ನಾನು ಉಂಡಿಲ್ಲ.

ಅಂಗಡಿಯಲ್ಲಿದ್ದ ತಾತನನ್ನು, "ಇಳುವರಿ ಕಮ್ಮಿ ಅಲ್ವಾ, ಇದನ್ನೇ ಯಾಕೆ ಬೆಳೀತೀರಾ?" ಎಂದು ಕೇಳಿದೆ. "ಹುಲ್ಲು ನೋಡವ್ವ, ಎದೆಮಟ ಬತ್ತದೆ. ಗಿಡ್ಡ ಭತ್ತ ಹಾಕುದ್ರೆ ದನಕ್ಕೇನು ಹಾಕಾದು?" ಎಂದರು.

ಇವರ ಗದ್ದೆಗೆ ಹೇಮಾವತಿಯ ಶ್ರೀರಾಮದೇವರ ಕಟ್ಟೆ ನಾಲೆಯ ನೀರು. 1979ರಲ್ಲಿ ಗೊರೂರು ಅಣೆಕಟ್ಟು ಮುಗಿಯುವ ಎಷ್ಟೋ ಮೊದಲೇ ಇಲ್ಲಿ ಭತ್ತ ಇತ್ತು. ಮೈಸೂರು ಅರಸರ ಮನೆಗೆ ಹೋಗುತ್ತಿದ್ದ ಅಕ್ಕಿಯಂತೆ, ಅದಕ್ಕೇ ಆ ಹೆಸರಂತೆ. ಐ.ಆರ್. 64 ಅನ್ನೋ ಹೆಚ್ಚು ಇಳುವರಿಯ ಗಿಡ್ಡ ಭತ್ತ ಬಂದ ಮೇಲೆ ಊರಿನ ಹೆಚ್ಚಿನ ಗದ್ದೆ ಅದಕ್ಕೆ ಹೋಯಿತು. ಕೆಲವು ಮನೆಯವರು ಮಾತ್ರ ರಾಜಮುಡಿಯ ಬಿತ್ತನೆ ಬೀಜ ಬಿಡಲಿಲ್ಲ. ಅವರ ನಡುವೆ ನಾಟಿಗೆ ಇವತ್ತಿಗೂ ಮುಯ್ಯಾಳು ನಡೆಯುತ್ತದೆ. ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು.

ನನಗೆ ನಮ್ಮಪ್ಪನ ಊರಿನ ಕಣ ನೆನಪಾಯಿತು. ರಾಶಿಯ ಮೇಲೆ ಸಗಣಿಯ ಬೆನಪ್ಪ, ಅಂದರೆ ಗಣಪ, ಅದಕ್ಕೊಂದು ಗರಿಕೆ. ಮನೆಗೆ ಮೂಟೆ ಹೋಗುವ ಮೊದಲೇ ಆಯಗಾರರಿಗೆ ಅಳೆಯಬೇಕಿತ್ತು. ನೇಗಿಲು ಮಾಡಿದ ಬಡಗಿಗೆ, ಕುಡುಗೋಲು ತಟ್ಟಿದ ಕಮ್ಮಾರನಿಗೆ ಮೊರದ ತುಂಬ ಭತ್ತ. ನಾನು ಚಿಕ್ಕವಳು, ಮೊರ ಹಿಡಿಯೋದು ನನ್ನ ಕೆಲಸ.

ಕೊರತೆಯೂ ಹೇಳಬೇಕು. ನನ್ನ ಚೀಲದಲ್ಲಿ ನುಚ್ಚು ಜಾಸ್ತಿ ಇತ್ತು, ಎರಡು ಸಲ ಕಲ್ಲು ಸಿಕ್ಕಿತು. ಮಿಲ್ ಮಾಡಿಸಿದ ತಾರೀಕು ಬರೆದಿರಲಿಲ್ಲ. ಪಾಲಿಶ್ ಕಮ್ಮಿ ಇರುವ ಅಕ್ಕಿಗೆ ಹುಳ ಬೇಗ ಬೀಳುತ್ತದೆ, ತಾರೀಕು ಬೇಕೇ ಬೇಕು. ನಾನು ಒಣಗಿದ ಬೇವಿನ ಸೊಪ್ಪು ಹಾಕಿಟ್ಟಿದ್ದೆ, ಏನೂ ಆಗಲಿಲ್ಲ.

ಬೆಳಿಗ್ಗೆ 10 ಗಂಟೆಯೊಳಗೆ ಹೋಗಿ, ಆಮೇಲೆ ಎಲ್ಲರೂ ಗದ್ದೆಯಲ್ಲಿರುತ್ತಾರೆ. ಚಿಲ್ಲರೆ ಇಟ್ಟುಕೊಳ್ಳಿ. ತೂಕ ಆದ ಮೇಲೆ ಚೀಲದ ಬಾಯಿ ತಕ್ಷಣ ಕಟ್ಟಬೇಡಿ. ತಾತ ಇನ್ನೊಂದು ಬೊಗಸೆ ಕೊಸರು ಹಾಕುತ್ತಾರೆ.